ಒಂದು ದಿನದ ಕೋಣೆ

"ನಾಳೆ ಎಲ್ಲರೂ ನಿಮ್ಮ ನಿಮ್ಮ ಮಕ್ಕಳನ್ನ ಕರ್ಕೊಂಡು ಬರ್ಬೇಕು. ತಪ್ಪಿಸೋ ಹಾಗಿಲ್ಲ!" ಎಂದು ಸೂಪರ್‌ವೈಸರ್ ಹೇಳಿದ್ದು ಅಂಗಿಯ ಗುಂಡಿಗೆ ಕಾಜಾ ಹೊಲಿಯುವ 'ರೇಡಿಯೋ' ಒಬ್ಬಳಿಗೆ. ಅವಳಿಗೆ ಹೇಳಿದರೆ ಉಡುಪಿನ ಕಾರ್ಖಾನೆಗೆಲ್ಲ ಹೇಳಿದಂತೆ. ಆ ಹೆಸರು ಬಂದದ್ದೇ ಹಾಗೆ.

ಸುದ್ದಿ ತನ್ನ ಸಾಲಿಗೆ ಬಂದಾಗ ಅಂಗಿಗೆ ತೋಳು ಜೋಡಿಸುತ್ತಿದ್ದ ಪುಟ್ಟಿಯ ತಾಯಿ ಮೆಷಿನ್ ನಿಲ್ಲಿಸಿಬಿಟ್ಟಳು. ಮಕ್ಕಳ ಕೋಣೆಯ ಬೀಗ ತೆಗೆಸಿ ಎಂದು ಕೇಳಿ ಕೇಳಿ ಅವಳ ನಾಲಿಗೆಯ ಪಸೆ ಆರಿತ್ತು. ಇಷ್ಟು ಜನ ಹೆಂಗಸರು ದುಡಿಯುವ ಕಡೆ ಮಕ್ಕಳಿಗೊಂದು ಕೋಣೆ, ನೋಡಿಕೊಳ್ಳಲು ಒಬ್ಬ ಆಯಾ ಇರಲೇಬೇಕೆಂದು ಕಾನೂನೇ ಇದೆ. ಕೋಣೆಯೇನೋ ಇತ್ತು, ಬಾಗಿಲಿಗೆ ಬೋರ್ಡೂ ಇತ್ತು. ಒಳಗೆ ಮಾತ್ರ ಗುಂಡಿ, ದಾರ ತುಂಬಿದ ಪೆಟ್ಟಿಗೆಗಳು ಸೂರು ಮುಟ್ಟುತ್ತಿದ್ದವು. ಸೂಪರ್‌ವೈಸರನ್ನು ಕೇಳಿದರೆ ಬೀಗದ ಕೈ ಮ್ಯಾನೇಜರ ಹತ್ತಿರ. ಮ್ಯಾನೇಜರನ್ನು ಕೇಳಿದರೆ ಸೂಪರ್‌ವೈಸರ ಹತ್ತಿರ. ಇಷ್ಟು ದಿನ ಪುಟ್ಟಿಯನ್ನು ನೋಡಿಕೊಳ್ಳುತ್ತಿದ್ದ ಓರಗಿತ್ತಿ ಬರುವ ವಾರದಿಂದ ತಾನೂ ಕೆಲಸಕ್ಕೆ ಹೊರಟಿದ್ದಳು. "ಮಗು ಬಿಟ್ಟು ಬರೋಕಾಗಲ್ಲ ಅಂದ್ರೆ ಕೆಲಸ ಬಿಟ್ಬಿಡಮ್ಮ. ನಿನ್ನ ಮೆಷಿನ್‌ಗೆ ಜನ ಕಾಯ್ತಿದ್ದಾರೆ" ಎಂದು ಮೊನ್ನೆಯಷ್ಟೇ ಹೇಳಿದ ಬಾಯಿ ಈಗ ಮಗುವನ್ನು ಕರೆದುಕೊಂಡು ಬಾ ಎನ್ನುತ್ತಿದೆ!

"ಇದ್ದಕ್ಕಿದ್ದ ಹಾಗೆ ದೇವರು ಬುದ್ಧಿ ಕೊಟ್ನೇನೇ ಇವರಿಗೆ?"

"ದೇವರಲ್ಲ ಕಣೆ, ಇನ್‌ಸ್ಪೆಕ್ಟರು" ಎಂದಳು ರೇಡಿಯೋ. "ಕಾರ್ಮಿಕ ಇಲಾಖೆಯಿಂದ ನಾಳೆ ನೋಡೋಕೆ ಬರ್ತಾರಂತೆ."

ಬೆಳಿಗ್ಗೆ ಬಂದು ನೋಡಿದರೆ ಪೆಟ್ಟಿಗೆಗಳೆಲ್ಲ ಮೆಟ್ಟಿಲ ಕೆಳಗೆ ಅಡಗಿದ್ದವು. ಕೋಣೆಯ ಗೋಡೆಯ ಮೇಲೆ ಒಂದು ಬಾತುಕೋಳಿ, ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ತೊಟ್ಟಿಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಕೂಡ ಯಾರೂ ತೆಗೆದಿರಲಿಲ್ಲ. ಕಸ ಗುಡಿಸುವಾಕೆ ಇಸ್ತ್ರಿ ಸೀರೆ ಉಟ್ಟು ಒಂದು ದಿನದ ಮಟ್ಟಿಗೆ ಆಯಾ ಆಗಿದ್ದಳು. ಮಕ್ಕಳ ನಡುವೆ ಕುಕ್ಕರುಗಾಲಲ್ಲಿ ಕೂತ ಸೂಪರ್‌ವೈಸರ್ ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣ ಹಿಡಿದು ಪಾಠ ಹೇಳುತ್ತಿದ್ದ.

"ಯಾರಾದ್ರೂ ಕೇಳಿದ್ರೆ ಏನು ಹೇಳ್ಬೇಕು? 'ನಾವು ದಿನಾ ಬರ್ತೀವಿ ಅಂಕಲ್!' ಎಲ್ಲಿ, ಹೇಳಿ ನೋಡೋಣ?"

ಸರಿಯಾಗಿ ಹೇಳಿದವರ ಅಂಗೈಗೆ ಒಂದು ಬಿಸ್ಕತ್ತು. ಪುಟ್ಟಿ ಎಲ್ಲರಿಗಿಂತ ಗಟ್ಟಿಯಾಗಿ ಹೇಳಿ ಎರಡು ಗಿಟ್ಟಿಸಿಕೊಂಡಳು.

ಇನ್‌ಸ್ಪೆಕ್ಟರು ಬಂದರು, ಕೇಳಿದರು, ಮಕ್ಕಳು ಒಪ್ಪಿಸಿದರು. ಮ್ಯಾನೇಜರು ಪುಟ್ಟಿಯನ್ನು ಎತ್ತಿಕೊಂಡು ಫೋಟೋಗೆ ನಿಂತು, "ನಮ್ಮಲ್ಲಿ ಮಕ್ಕಳು ಮನೆಗೆ ಹೋಗೋಕೇ ಒಪ್ಪಲ್ಲ ಸಾರ್" ಎಂದು ನಕ್ಕರು. ಹೋಗುವಾಗ ಇನ್‌ಸ್ಪೆಕ್ಟರು ಪುಟ್ಟಿಯ ತಾಯಿಯ ಮೆಷಿನ್ ಹತ್ತಿರ ನಿಂತು, "ಏನಮ್ಮ, ಎಲ್ಲ ಅನುಕೂಲ ಇದೆಯಾ?" ಎಂದು ಕೇಳಿದರು. ಅವರ ಬೆನ್ನ ಹಿಂದಿನಿಂದ ಮ್ಯಾನೇಜರು ಅವಳನ್ನೇ ನೋಡುತ್ತಿದ್ದರು. "ಹೂಂ ಸಾರ್" ಎಂದಳು. ಅಂದ ಮೇಲೆ ಮೈಯೆಲ್ಲ ಉರಿಯಿತು. ಆ ಸಿಟ್ಟಿನಲ್ಲಿ ಎಡದ ತೋಳನ್ನು ಬಲಕ್ಕೆ ಹೊಲಿದು, ಮತ್ತೆ ಬಿಚ್ಚಿದಳು.

ಊಟದ ಹೊತ್ತಿಗೆ ಇಣುಕಿದರೆ, ಕಸ ಗುಡಿಸುವಾಕೆಯ ತೊಡೆಯ ಮೇಲೆ ತಲೆಯಿಟ್ಟು ಪುಟ್ಟಿ ನಿದ್ದೆಹೋಗಿದ್ದಳು. ಇನ್‌ಸ್ಪೆಕ್ಟರು ಹೋಗಿ ಎಷ್ಟೋ ಹೊತ್ತಾಗಿತ್ತು; ನಟಿಸಬೇಕಾದ ಕಾರಣವೇನೂ ಉಳಿದಿರಲಿಲ್ಲ. ಆದರೂ ಆಕೆ ಇಸ್ತ್ರಿ ಸೀರೆಯ ಸೆರಗಿನಿಂದ ನೊಣ ಓಡಿಸುತ್ತಾ, ಮಾತಾಡಬೇಡ ಎಂಬಂತೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ಇಷ್ಟು ಸುಲಭವಿದ್ದದ್ದಕ್ಕೆ ಇಷ್ಟು ದಿನ ಬೀಗವೇ!

ಸಂಜೆ ಗಂಟೆ ಹೊಡೆಯುವ ಮುಂಚೆಯೇ ಪೆಟ್ಟಿಗೆಗಳು ಒಳಗೆ ನುಗ್ಗತೊಡಗಿದವು. ಪುಟ್ಟಿಯ ಕೈಯಲ್ಲಿದ್ದ ಚೆಂಡನ್ನು ಸೂಪರ್‌ವೈಸರ್ ಬಿಡಿಸಿಕೊಂಡ.

"ಕೊಡು ಕೊಡು, ತಂದ ಕಡೆ ವಾಪಸ್ ಕೊಡ್ಬೇಕು."

"ನಾಳೆ ಕೊಡ್ತೀಯಾ?" ಎಂದಳು ಪುಟ್ಟಿ. ಅವನು ಬೀಗ ಹಾಕುವುದರಲ್ಲಿ ಮಗ್ನನಾಗಿದ್ದ. ಅಂತೂ ಬೀಗದ ಕೈ ಯಾರ ಹತ್ತಿರ ಇದೆಯೆಂದು ಪುಟ್ಟಿಯ ತಾಯಿಗೆ ಅಂದು ಗೊತ್ತಾಯಿತು.

ಗೇಟಿನ ಹತ್ತಿರ ಅವಳು ರೇಡಿಯೋಳ ಕೈ ಹಿಡಿದು ನಿಲ್ಲಿಸಿದಳು. "ನೋಡೇ, ಮೂಗಿಗೆ ತುಪ್ಪ ಸವರಿಸಿಕೊಂಡಿದ್ದು ಸಾಕು. ನಾಳೆಯೂ ಪುಟ್ಟಿನ ಕರ್ಕೊಂಡೇ ಬರ್ತೀನಿ. ಆದದ್ದಾಗ್ಲಿ. ಯಾರಿಗೂ ಹೇಳ್ಬೇಡ, ಆಯ್ತಾ?"

"ಅಯ್ಯೋ, ನಾನ್ಯಾಕೆ ಹೇಳ್ಲಿ?" ಎಂದು ರೇಡಿಯೋ ನಕ್ಕಳು.

ಮರುದಿನ ಗೇಟಿನ ಮುಂದೆ ಹಿಂದಿನ ದಿನಕ್ಕಿಂತ ಹೆಚ್ಚು ಮಕ್ಕಳು. ಕಾಲರ್ ಹೊಲಿಯುವ ಹೆಂಗಸು ಅವಳಿ ಮಕ್ಕಳನ್ನು ಎರಡು ಕಂಕುಳಿಗೂ ಏರಿಸಿಕೊಂಡಿದ್ದಳು. ಕಾವಲುಗಾರ ಏನನ್ನೂ ಕೇಳದೆ ತನ್ನ ಒಂದೇ ಕುರ್ಚಿಯನ್ನು ನೆರಳಿಗೆ ಎಳೆದು, ಹಿಡಿಸಿದಷ್ಟು ಚಿಕ್ಕವರನ್ನು ಅದರಲ್ಲಿ ಕೂರಿಸಿದ. ಅಷ್ಟರಲ್ಲಿ ಮ್ಯಾನೇಜರ ಕಾರು ಬಂತು.

"ಏನ್ರೀ ಇದು ಜಾತ್ರೆ? ಇನ್‌ಸ್ಪೆಕ್ಷನ್ ನಿನ್ನೆಗೇ ಮುಗೀತಲ್ಲ! ಇವತ್ತು ಯಾರು ಕರ್ಕೊಂಡು ಬರೋಕೆ ಹೇಳಿದ್ದು?"

ಸೂಪರ್‌ವೈಸರ್ ಬೀಗದ ಕೈಯನ್ನು ಜೇಬಿಗೆ ತಳ್ಳಿದ. ಪುಟ್ಟಿಯ ತಾಯಿ ರಾತ್ರಿಯೆಲ್ಲ ಜೋಡಿಸಿಟ್ಟುಕೊಂಡಿದ್ದ ಮಾತಿನ ಮೊದಲ ಪದವನ್ನೇ ಹುಡುಕುತ್ತಿದ್ದಳು. ಪುಟ್ಟಿಗೆ ಮಾತ್ರ ತನ್ನನ್ನು ಎತ್ತಿಕೊಂಡು ಫೋಟೋ ತೆಗೆಸಿದ ಅಂಕಲ್ ಗುರುತು ಸಿಕ್ಕಿತು. ಅಮ್ಮನ ಕೈ ಬಿಡಿಸಿಕೊಂಡು ಮುಂದೆ ಬಂದು, ಎದೆ ತುಂಬ ಉಸಿರೆಳೆದುಕೊಂಡಳು.

"ನಾವು ದಿನಾ ಬರ್ತೀವಿ ಅಂಕಲ್!"

ಉಳಿದ ಮಕ್ಕಳೂ ದನಿಗೂಡಿಸಿದರು. ಆಮೇಲೆ, ಪಾಠವನ್ನು ತಪ್ಪಿಲ್ಲದೆ ಒಪ್ಪಿಸಿದ ಸಂತೋಷದಲ್ಲಿ, ಪುಟ್ಟ ಪುಟ್ಟ ಅಂಗೈಗಳೆಲ್ಲ ಬಿಸ್ಕತ್ತಿಗಾಗಿ ಮ್ಯಾನೇಜರ ಮುಂದೆ ಚಾಚಿಕೊಂಡವು.