ಕಾಕಾ ಕಲಿಸಿದ ಹೋಲಿಕೆ

ಒಣದ್ರಾಕ್ಷಿಯ ಪೊಟ್ಟಣ ಬಿಚ್ಚಿದರೆ ಇವತ್ತಿಗೂ ನನಗೆ ಬಾಯಲ್ಲಿ ನೀರು ಬರುವುದಿಲ್ಲ, ಸಿಟ್ಟು ಬರುತ್ತದೆ.

ತಿಕೋಟಾದ ನಮ್ಮ ಶೆಡ್ಡಿನಲ್ಲಿ ಅವತ್ತು ಅವ್ವ ಒಣದ್ರಾಕ್ಷಿ ಆರಿಸುತ್ತಿದ್ದಳು. ಹಸಿರು ಬಣ್ಣದ್ದು ಪೇಟೆಗೆ, ಕಪ್ಪಾದದ್ದು ಬೇರೆ ಗುಡ್ಡೆಗೆ. ಅವಳ ಬೆರಳೆಲ್ಲ ಅಂಟಂಟು. ವಿಜಯಪುರದಿಂದ ಬಂದ ಕಾಕಾ, ನನ್ನಪ್ಪನ ತಮ್ಮ, ಹೊರಸಿನ ಮೇಲೆ ಕೂತು, ನನಗೂ ತನ್ನ ಮಗಳಿಗೂ ಇಂಗ್ಲಿಷಿನಲ್ಲಿ ಹೋಲಿಸಿ ಮಾತಾಡುವುದನ್ನು ಕಲಿಸುತ್ತಿದ್ದ. ಮತ್ತೊಬ್ಬರನ್ನು ಕೆಳಗಿಡದೆ ಅವನಿಗೆ ಒಂದು ವಾಕ್ಯವೂ ಹೊಳೆಯುತ್ತಿರಲಿಲ್ಲ.

"ಲೈಕ್ ಹರ್ ಮದರ್, ಶಿ ಈಸ್ ಡಾರ್ಕ್," ಎಂದ, ನನ್ನತ್ತ ಬೆರಳು ಮಾಡಿ. "ಕಂಪೇರ್ಡ್ ಟು ಮೈ ಡಾಟರ್, ಶಿ ಈಸ್ ಸ್ಲೋ."

ಅಂದರೆ ನಾನು ಅವ್ವನಂತೆ ಕಪ್ಪು, ಅವನ ಮಗಳ ಮುಂದೆ ದಡ್ಡಿ. ಮಗಳು ಕಿಸಕ್ಕನೆ ನಕ್ಕಳು.

ಅವ್ವ ತಲೆ ಎತ್ತಿದಳು. "ಏನಂದ್ರಿ?"

"ನಿಮ್ಮನ್ನ ಹೊಗಳಾಕತ್ತೇನ್ರಿ ವೈನಿ," ಎಂದವನೇ ನನ್ನತ್ತ ತಿರುಗಿದ. "ನೀ ಒಂದು ಹೇಳ ಬೇ, ನೋಡೂಣು."

"ಅನ್‌ಲೈಕ್ ಕಾಕಾ, ಮೈ ಮದರ್ ಡಸ್ ನಾಟ್ ಲೈ," ಎಂದೆ. ನನ್ನವ್ವ ಕಾಕಾನಂತಲ್ಲ, ಸುಳ್ಳು ಹೇಳುವುದಿಲ್ಲ.

ಕಾಕಾನ ಮುಖ ಬಿಗಿದುಕೊಂಡಿತು. "ಇಕಿ ನಾಲಿಗಿ ಭಾಳ ಉದ್ದ ಆಗೇತ್ರಿ ವೈನಿ. ಯಾರ ಕಲಿಸ್ಯಾರ ಇದನ್ನ?"

"ನೀವೇ ಕಲಿಸಾಕತ್ತೀರಲ್ರಿ," ಎಂದಳು ಅವ್ವ, ಕೈ ನಿಲ್ಲಿಸದೆ.

ಸಂಜೆಯೊಳಗೆ ಅವನ ಇಂಗ್ಲಿಷಿನ ಅರ್ಥವನ್ನು ನಾನು ಅವ್ವನಿಗೆ ಹೇಳಿಯಾಗಿತ್ತು. ಅವನು ಹೊರಟಾಗ ಅವ್ವ ಎಂದಿನಂತೆ ಅವನ ಚೀಲ ತುಂಬಿದಳು. ಆದರೆ ಈ ಸಲ ಕಪ್ಪು ಗುಡ್ಡೆಯಿಂದ ತುಂಬಿದಳು. ಕಾಕಾ ಚೀಲದೊಳಗೆ ಇಣುಕಿ, "ಏನ್ರಿ ವೈನಿ, ಎಲ್ಲಾ ಕರೇವು ಹಾಕೀರಿ?" ಎಂದ.

"ತಿಂದು ನೋಡ್ರಿ," ಎಂದಳು ಅವ್ವ. "ಸಿಹಿ ಏನೂ ಕಡಿಮಿ ಇಲ್ಲ."