ಒತ್ತು ಕೊಟ್ಟ ಕಲ್ಲು

"ಇಷ್ಟು ವರ್ಷ ಗೆದ್ದುಕೊಟ್ಟ ಡ್ರೈವರ್ ಮುದುಕರನ್ನ ಎರಡನೇ ಕಾರಿಗೆ ತಳ್ಳಿ, ಮೊದಲನೇ ಕಾರನ್ನ ಆ ಹುಡುಗಿ ಕೈಗೆ ಕೊಟ್ಟಿದಾರಲ್ಲ, ಈ ಟೀಮಿನವರಿಗೆ ತಲೆ ನೆಟ್ಟಗಿದೆಯೇನೋ?" ಮೇಸ್ತ್ರಿ ಹತ್ತನೇ ಸಲ ಕೇಳಿದ. ಗುಡ್ಡದ ಮಣ್ಣುರಸ್ತೆ ಎಡಕ್ಕೆ ಹೊರಳುವ ಕಡೆ, ತಿರುವಿನ ಒಳಬದಿಯಲ್ಲೇ, ರ‍್ಯಾಲಿ ನೋಡಲು ಅವನೂ ಅವನ ಭಾಮೈದ ದರ್ಜಿಯೂ ಬೆಳಿಗ್ಗೆಯೇ ಜಾಗ ಹಿಡಿದಿದ್ದರು. ಕೂರಲೆಂದು ಮೇಸ್ತ್ರಿ ಇಳಿಜಾರಿನಿಂದ ಒಂದು ಚಪ್ಪಟೆ ಕಲ್ಲನ್ನು ಉರುಳಿಸಿ ತಂದು ರಸ್ತೆಯಂಚಿನ ಹುಲ್ಲಿನಲ್ಲಿ ಇಟ್ಟ. ಕೂತರೆ ಕಲ್ಲು ಕೊಂಚ ಅಲುಗಿತು. ಮೂವತ್ತು ವರ್ಷ ಗೋಡೆ ಕಟ್ಟಿದವನಿಗೆ ಅಲುಗುವ ಕಲ್ಲು ಕಂಡರೆ ಆಗದು. ಭಾಮೈದನ ಕೈಯಲ್ಲಿದ್ದ ಪೇಪರಿನಿಂದ ಒಂದು ಹಾಳೆ ಎಳೆದು, ನಾಲ್ಕು ಮಡಿಕೆ ಮಾಡಿ, ಮೂಲೆಯನ್ನು ಒಳಕ್ಕೆ ಮಡಚಿ, ಕಲ್ಲಿನಡಿಯ ಸಂದಿಗೆ ಒತ್ತು ಕೊಟ್ಟ.

"ಅಯ್ಯೋ ಭಾವ, ಆ ಹುಡುಗಿ ವಿಷಯ ಇದ್ದಿದ್ದೇ ಆ ಹಾಳೇಲಿ. ಅವಳೂ ನಿಮ್ಮ ಕಸುಬಿನವರ ಮಗಳಂತೆ. ಈ ಸಲ ಮೊದಲ ಮೂವರೊಳಗೆ ಬರದಿದ್ರೆ ಕಾರು ವಾಪಸ್ ಮುದುಕರಿಗೇ ಅಂತ ಹಾಕಿದಾರೆ. ಓದಿ ನೋಡಿ."

"ಓದೋದೇನು ಬಂತು. ಇನ್ನೊಂದು ಗಂಟೇಲಿ ಕಣ್ಣಾರೆ ನೋಡ್ತೀವಲ್ಲ."

ಅಷ್ಟರಲ್ಲಿ ಬಾವುಟ ಹಿಡಿದ ಮಾರ್ಷಲ್ ಬಂದು ಗದರಿದ. ಕಾರುಗಳು ಇಲ್ಲಿ ಹುಲ್ಲು ಸವರಿಕೊಂಡೇ ತಿರುಗುತ್ತವೆ, ಎಲ್ಲರೂ ಮೇಲೆ ಪಟ್ಟಿ ಕಟ್ಟಿದ ಕಡೆ ಹೋಗಿ ಎಂದ. ಇಬ್ಬರೂ ದಿಬ್ಬ ಹತ್ತಿದರು. "ಕಲ್ಲು ಅಲ್ಲೇ ಉಳೀತಲ್ಲ ಭಾವ," ಎಂದ ದರ್ಜಿ. "ತರೋಣ ಇರು," ಎಂದ ಮೇಸ್ತ್ರಿ. ಆದರೆ ದರ್ಜಿ ಸುಮ್ಮನಿರದೆ, ಕಳೆದ ರ‍್ಯಾಲಿಯಲ್ಲಿ ಮಂಜು ಕವಿದಾಗ ಹುಡುಗಿ ಮುದುಕರನ್ನು ಹನ್ನೊಂದು ಸೆಕೆಂಡು ಹಿಂದೆ ಹಾಕಿದ್ದನ್ನು ನೆನಪಿಸಿದ. ಮೇಸ್ತ್ರಿಗೆ ರೇಗಿತು. ಮುದುಕರು ಒಂದು ಚಕ್ರ ಕಳಚಿ ಬಿದ್ದರೂ ಮೂರೇ ಚಕ್ರದಲ್ಲಿ ಗುರಿ ಮುಟ್ಟಿದ ಕಥೆಯನ್ನು ಮೊದಲಿನಿಂದ ಶುರುಮಾಡಿದ.

"ನೀವು ಹಿಡಿದ ಮೊಲಕ್ಕೆ ಮೂರೇ ಕಾಲು, ಬಿಡಿ," ಎಂದ ದರ್ಜಿ. ಸುತ್ತ ನಿಂತವರು ನಕ್ಕರು. ಮಾತಿಗೆ ಮಾತು ಬೆಳೆದು ಕಲ್ಲು ಇಬ್ಬರಿಗೂ ಮರೆತೇಹೋಯಿತು.

ಮೊದಲು ಬಂದದ್ದು ಹುಡುಗಿಯ ಕಾರು. ವೇಗ ತಗ್ಗಿಸದೆ ಬಂದು ಹುಲ್ಲು ಸವರಿ ತಿರುಗಿತು; ಧಡ್ ಎಂದು ಸದ್ದಾಯಿತು. ಮುಂದಿನ ಚಕ್ರ ಒಳಕ್ಕೆ ಸೊಟ್ಟಗಾಗಿ, ಕಾರು ಐವತ್ತು ಹೆಜ್ಜೆಯಾಚೆ ಚರಂಡಿಯಲ್ಲಿ ನಿಂತಿತು. ಮಾರ್ಷಲ್ ಹಿಂದಿನ ಕಾರಿಗೆ ಬಾವುಟ ತೋರಿಸಲು ಮೇಲಕ್ಕೆ ಓಡಿದ. ಮೇಸ್ತ್ರಿ ಎದ್ದುನಿಂತು ಚಪ್ಪಾಳೆ ತಟ್ಟಿಯೇಬಿಟ್ಟ. "ನಾನು ಬಡ್ಕೊಳ್ಲಿಲ್ವಾ? ತಿರುವು ಅಂದ್ರೆ ಮಕ್ಕಳಾಟ ಅಂದ್ಕೊಂಡಿದಾಳೆ." ದರ್ಜಿ ಕಾರಿನ ಕಡೆ ನೋಡುತ್ತಿರಲಿಲ್ಲ, ಕೆಳಗಿನ ಹುಲ್ಲನ್ನೇ ನೋಡುತ್ತಿದ್ದ. "ಭಾವ, ಕಲ್ಲು," ಎಂದ ಮೆಲ್ಲಗೆ. ಮೇಸ್ತ್ರಿಯ ಕೈಗಳು ಗಾಳಿಯಲ್ಲೇ ನಿಂತವು.

ಇಬ್ಬರೂ ಕೆಳಗಿಳಿಯುವ ಹೊತ್ತಿಗೆ ಹುಡುಗಿಯೂ ಅವಳ ನ್ಯಾವಿಗೇಟರೂ ನಡೆದು ಬಂದಿದ್ದರು. ಪಕ್ಕದ ಸೀಟಿನಲ್ಲಿ ಕೂತು ದಾರಿಯ ಪುಸ್ತಕ ಓದಿ ಹೇಳುವ ಆ ನ್ಯಾವಿಗೇಟರಿಗೆ ತಲೆ ಪೂರಾ ನರೆತಿತ್ತು. ಅವರು ಪುಸ್ತಕದಲ್ಲಿ ಆ ತಿರುವಿನ ಪುಟ ತೆಗೆದರು. "ಮೊನ್ನೆ ಎರಡು ಸಲ ನಿಧಾನಕ್ಕೆ ಬಂದು ನೋಡಿದೀವಿ. ಒಳಗೆ ಸವರಬಹುದು ಅಂತಲೇ ಬರೆದಿದೀನಲ್ಲಮ್ಮ," ಎಂದವರು ಮೇಸ್ತ್ರಿಯತ್ತ ತಿರುಗಿದರು. "ನೀವು ಬೆಳಿಗ್ಗೆಯಿಂದ ಇಲ್ಲೇ ಇದ್ದೀರೇನಪ್ಪ? ಈ ಕಲ್ಲು ಮೊದಲೇ ಇತ್ತಾ?"

ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ ಹಾಗೆ ಮೇಸ್ತ್ರಿ ತನ್ನ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ನಿಜ ಹೇಳಬೇಕೆಂದೇ ಬಾಯಿ ತೆರೆದ. "ನಾವು ಬಂದಾಗಲೇ ಇತ್ತು ಸ್ವಾಮಿ," ಎಂಬ ಮಾತು ಹೊರಬಿತ್ತು. ದರ್ಜಿ ತನ್ನ ಚಪ್ಪಲಿ ನೋಡಿಕೊಂಡ.

ನ್ಯಾವಿಗೇಟರ್ ಪೆನ್ಸಿಲ್ ತೆಗೆದು ಆ ತಿರುವಿನ ಎದುರಿಗೆ 'ಕಲ್ಲು' ಎಂದು ಬರೆದರು. "ಹಾಗಾದ್ರೆ ನನ್ನ ಕಣ್ಣೇ ತಪ್ಪಿದೆ. ನಿನ್ನ ಸೀಟಿಗೆ ನಾನೇ ಕುತ್ತಾದೆ ಕಣಮ್ಮ." ಆಮೇಲೆ ಮೇಸ್ತ್ರಿಗೆ, "ಹೇಳಿದ್ರಲ್ಲ, ಉಪಕಾರ ಆಯ್ತು," ಎಂದು ಕೈಮುಗಿದರು. ಮೇಸ್ತ್ರಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಈಗಲೂ ಹೇಳಬಹುದು, ಈಗಲೂ ಹೇಳಬಹುದು ಎಂದುಕೊಂಡ.

"ಬಿಡಿ ಅಂಕಲ್," ಎಂದಳು ಹುಡುಗಿ. "ಹಿಂದೆ ನಮ್ಮ ಇನ್ನೊಂದು ಕಾರು ಬರುತ್ತೆ. ಅವರಿಗಾದರೂ ದಾರಿ ಸಲೀಸಾಗಲಿ." ಮೇಸ್ತ್ರಿಯನ್ನು ನೋಡಿ, "ಸ್ವಲ್ಪ ಕೈ ಹಾಕ್ತೀರಾ?" ಎಂದಳು. ಅವನು ಕೈ ಹಾಕಿದ. ಇಬ್ಬರೂ ಸೇರಿ ಕಲ್ಲನ್ನು ಮಗುಚಿದರು. ಅಡಿಯಲ್ಲಿ ಹಸಿರು ಹುಲ್ಲು ಇನ್ನೂ ಬಾಡಿರಲಿಲ್ಲ. ಅದರ ಮೇಲೆ ನಾಲ್ಕು ಮಡಿಕೆಯ ಪೇಪರು ಬಿದ್ದಿತ್ತು.

ಅವಳು ಅದನ್ನೆತ್ತಿಕೊಂಡು ಮಡಿಕೆಯಲ್ಲಿ ಕಂಡ ಇವತ್ತಿನ ತಾರೀಖು ನೋಡಿದಳು. ಆಮೇಲೆ ಒಳಕ್ಕೆ ಮಡಚಿದ ಮೂಲೆಯ ಮೇಲೆ ಬೆರಳಾಡಿಸಿದಳು. "ನಮ್ಮಪ್ಪನೂ ಹೀಗೇ ಮಡಚ್ತಿದ್ರು," ಎಂದಳು. "ಅಲುಗೋ ಕಲ್ಲು ಕಂಡ್ರೆ ಅವರಿಗೂ ಆಗ್ತಿರ್ಲಿಲ್ಲ." ಪೇಪರನ್ನು ಮೇಸ್ತ್ರಿಯ ಕೈಗೆ ಕೊಟ್ಟು ನ್ಯಾವಿಗೇಟರ್ ಕಡೆ ತಿರುಗಿದಳು. "ಅಂಕಲ್, ಬರೆದಿದ್ದನ್ನ ಅಳಿಸಿಬಿಡಿ."

ಸ್ವಲ್ಪ ಹೊತ್ತಿಗೆ ಮುದುಕರ ಕಾರು ಬಂತು. ಹುಲ್ಲು ಸವರಿಕೊಂಡು ಸಲೀಸಾಗಿ ತಿರುಗಿತು, ದಿಬ್ಬದ ಮೇಲಿನವರೆಲ್ಲ ಕೂಗಿದರು. ಮೇಸ್ತ್ರಿ ಮಾತ್ರ ತಲೆ ಎತ್ತಲಿಲ್ಲ. ಬಿಚ್ಚಿದ ಹಾಳೆಯ ಹಳೇ ಫೋಟೋದಲ್ಲಿ, ಮಗಳ ಪಕ್ಕ ಕರಣೆ ಹಿಡಿದು ನಿಂತ ಒಬ್ಬ ಅಪ್ಪ ಅವನನ್ನೇ ನೋಡುತ್ತಿದ್ದ.