ಎದುರು ಮನೆಯವರ ಹೆಸರು

ಮೆದುಳಿನ ಆಪರೇಷನ್ ಆಗಿ ಮನೆಗೆ ಬಂದ ಮೇಲೆ, ನೋಡಲು ಬಂದವರೆಲ್ಲ ನನಗೊಂದು ಪರೀಕ್ಷೆ ಇಟ್ಟರು. "ನಾನ್ಯಾರು ಹೇಳು?" ಎಲ್ಲರಿಗೂ ಸರಿಯಾಗಿಯೇ ಉತ್ತರ ಕೊಟ್ಟೆ. ಸೋದರತ್ತೆಗೆ ಅವರ ಬಿ.ಪಿ. ಮಾತ್ರೆಯ ಹೆಸರನ್ನೂ ಹೇಳಿದೆ.

ಸಂಜೆ ಎದುರು ಮನೆಯವರು ಎಳನೀರು ಹಿಡಿದು ಬಂದರು. ಹನ್ನೆರಡು ವರ್ಷದ ಪರಿಚಯ.

"ನನ್ನ ಹೆಸರೇನು ಹೇಳಿ?"

"ಎದುರು ಮನೆಯವರು."

"ಅದು ಸರಿ. ಹೆಸರು?"

ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಆಕೆ "ಪಾಪ" ಎಂದು ಕಣ್ಣೊರೆಸಿಕೊಂಡು ಹೋದರು.

ಪಕ್ಕದಲ್ಲೇ ಇದ್ದ ನನ್ನ ಹೆಂಡತಿ ಡಾಕ್ಟರಿಗೆ ಫೋನ್ ಮಾಡಿ, ಸ್ಪೀಕರಿಗೆ ಹಾಕಿದಳು.

"ದಿನಾ ನೋಡೋರ ಹೆಸರೇ ಮರ್ತುಬಿಟ್ಟಿದ್ದಾರೆ ಡಾಕ್ಟ್ರೇ."

"ಗಾಬರಿಯಾಗ್ಬೇಡಿ. ಏನಮ್ಮ ಅವ್ರ ಹೆಸರು? ಬರ್ಕೋತೀನಿ."

ಅವಳು "ಎದುರು ಮನೆಯವರು" ಎಂದು ಹೇಳಿ, ಫೋನನ್ನು ನನ್ನ ಕೈಗೆ ಕೊಟ್ಟಳು.